ಟೈಲರಕ್ಕನ ಎಡಗೈ

ಆ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಟೈಲರಕ್ಕನ ಮನೆ ಎಲ್ಲಿ ಎಂದು ಕೇಳಿದರೆ, ದಾರಿ ಹೇಳುವ ಮೊದಲೇ ಅವರ ಮುಖದಲ್ಲೊಂದು ನಗು ಬರುತ್ತಿತ್ತು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವುದು ಅವಳ ಹೊಟ್ಟೆಪಾಡು. ಕಂಡವರ ಕಷ್ಟವನ್ನೆಲ್ಲ ಮೈಮೇಲೆ ಎಳೆದುಕೊಳ್ಳುವುದು ಹುಟ್ಟುಗುಣ. ನಲ್ಲಿಯ ಹತ್ತಿರ ಮುದುಕಿಯೊಬ್ಬರು ಕೊಡ ಎತ್ತಲು ಬಗ್ಗಿದರೆ, "ನೀವು ಬಿಡಿ, ನಾ ಎತ್ತೀನಿ." ಪಕ್ಕದ ಮನೆಯ ಹುಡುಗಿ ಪರೀಕ್ಷೆಯಲ್ಲಿ ಫೇಲಾಗಿ ಅಪ್ಪನಿಗೆ ಹೇಳಲು ಹೆದರಿ ನಿಂತರೆ, "ನೀ ಬಿಡು, ನಾ ಹೇಳ್ತೀನಿ." ಮನೆಯಲ್ಲಿ ಗಾಜಿನ ಲೋಟ ಒಡೆದವರು ಯಾರೇ ಇರಲಿ, ಅತ್ತೆ ಒಳಗಿನಿಂದ ಕೂಗುವ ಮೊದಲೇ "ನನ್ನ ಕೈಜಾರಿತು ಅತ್ತೆ" ಎಂದು ಇವಳ ಬಾಯಿಂದ ಬಂದುಬಿಡುತ್ತಿತ್ತು. ಮಷೀನಿನ ಮುಂದೆ ಕೂತ ಸೊಸೆ ಅಡುಗೆಮನೆಯ ಲೋಟ ಹೇಗೆ ಒಡೆದಾಳು ಎಂದು ಅತ್ತೆಗೆ ಗೊತ್ತಾಗುವುದಿಲ್ಲವೇ? "ಇವಳೊಬ್ಬಳು, ಲೋಕದ ತಪ್ಪೆಲ್ಲ ಇವಳದೇ" ಎಂದು ಗೊಣಗಿ ಸುಮ್ಮನಾಗುತ್ತಿದ್ದರು.

ಮೈದುನನ ಮದುವೆಯಾಗಿ ಗುಬ್ಬಿ ಆ ಮನೆಗೆ ಬಂದಾಗ ಟೈಲರಕ್ಕನಿಗೆ ಹೊಸದೊಂದು ಜೀವ ಸಿಕ್ಕಿತು, ಹೊತ್ತು ತಿರುಗಲು. ಗುಬ್ಬಿ ಎನ್ನುವುದು ಅವಳೇ ಇಟ್ಟ ಹೆಸರು. ಟೇಪು ಹಿಡಿದು ಭುಜದ ಅಳತೆ ತೆಗೆದವಳೇ, "ಅಯ್ಯೋ, ಇಷ್ಟೇ ಇದ್ದೀಯಲ್ಲೇ! ಐದನೇ ಕ್ಲಾಸಿನ ಅಳತೆ ಕಣೇ ಇದು, ಗುಬ್ಬಿ ಥರ" ಎಂದು ನಕ್ಕಿದ್ದಳು. ಹೆಸರು ಅಂಟಿಕೊಂಡಿತು. ಅತ್ತೆಯೂ ಹಾಗೇ ಕರೆದರು, ಗಂಡನೂ ಹಾಗೇ ಕರೆದ.

ಗುಬ್ಬಿಯ ಗಂಡ ಲಿಫ್ಟ್ ಮೆಕ್ಯಾನಿಕ್. ದೂರದೂರುಗಳಲ್ಲಿ ಏಳುವ ದೊಡ್ಡ ಕಟ್ಟಡಗಳಿಗೆ ಲಿಫ್ಟ್ ಕೂರಿಸುವುದು ಅವನ ಕೆಲಸ. ಕಟ್ಟಡ ಮುಗಿಯುವವರೆಗೂ ಅಲ್ಲೇ ವಾಸ, ಅಲ್ಲೇ ಊಟ, ಅಲ್ಲೇ ನಿದ್ದೆ. ಮದುವೆಗೆಂದು ಬಂದು ಒಂದಷ್ಟು ದಿನ ಹೆಂಡತಿಯ ಜೊತೆ ಇದ್ದ. ಆಮೇಲೆ ಫೋನು ಬಂತು, ಸ್ಪ್ಯಾನರುಗಳ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಅವನು ಹೋದ ಮೇಲೆ ಗುಬ್ಬಿಗೆ ಅನ್ನ ಸೇರದಾಯಿತು. ಅದೇ ಹೊತ್ತಿಗೆ ಟೈಲರಕ್ಕನಿಗೂ ಬೆಳಿಗ್ಗೆ ಎದ್ದರೆ ವಾಕರಿಕೆ. ಅವಳ ಮಗಳಾಗಲೇ ಶಾಲೆಗೆ ಹೋಗುತ್ತಿದ್ದಳು. ಇನ್ನೊಂದರ ಆಸೆಯನ್ನು ಗಂಡ ಹೆಂಡತಿ ಬಿಟ್ಟೇಬಿಟ್ಟಿದ್ದರು. "ನೋಡಿದ್ಯಾ, ನಿನ್ನ ನೋಡಿ ನನಗೂ ಹೊಟ್ಟೆಕಿಚ್ಚಾಯ್ತು" ಎಂದು ಟೈಲರಕ್ಕ ಗುಬ್ಬಿಯ ಕೆನ್ನೆ ಹಿಂಡಿದಳು. ಒಂದೇ ಮನೆಯಲ್ಲಿ ಇಬ್ಬರು ಬಸುರಿಯರು! ಅತ್ತೆ ಗೊಣಗುವುದನ್ನೂ ಮರೆತು ಹಾಲು ಹೆಚ್ಚಿಗೆ ತರಿಸತೊಡಗಿದರು.

ಗುಬ್ಬಿಗೊಂದು ಭಯವಿತ್ತು. ಇಂಜೆಕ್ಷನ್ ಸೂಜಿ ಕಂಡರೆ ಅವಳು ಕಣ್ಣು ಮೇಲೆ ಮಾಡಿ ಬಿದ್ದುಬಿಡುತ್ತಿದ್ದಳು. "ಟೈಲರ್ ಮನೆ ಸೊಸೆ, ಸೂಜಿ ಕಂಡ್ರೆ ಭಯವಂತೆ" ಎಂದು ಟೈಲರಕ್ಕ ರೇಗಿಸಿದರೆ, "ಬಟ್ಟೆಗೆ ನೋವಾಗಲ್ಲ ಅಕ್ಕ, ನನಗಾಗುತ್ತೆ" ಎನ್ನುತ್ತಿದ್ದಳು. ಬರೀ ಮಾತಲ್ಲ ಅದು. ಹೆರಿಗೆ ಆಸ್ಪತ್ರೆಗೆ ಮೊದಲ ಸಲ ಹೋದ ದಿನ, ಮುಂದಿನವಳ ತೋಳಿನಿಂದ ರಕ್ತ ಕೊಳವೆಗೆ ಇಳಿಯುವುದನ್ನು ನೋಡಿಯೇ ಅವಳು ಕುಸಿದಿದ್ದಳು. ಬೆಂಚಿನ ಮೂಲೆ ಹೊಟ್ಟೆಗೆ ತಗಲುವುದು ಕೂದಲೆಳೆಯಲ್ಲಿ ತಪ್ಪಿತ್ತು. ರಕ್ತ ಕೊಡದೆಯೇ ಮನೆಗೆ ಬಂದರು. ಮುಂದಿನ ವಾರ ಮತ್ತೆ ಹೋಗಬೇಕಾಯಿತು.

ಆ ಆಸ್ಪತ್ರೆಯ ರಕ್ತದ ಕೋಣೆಯನ್ನು ನೋಡಬೇಕಿತ್ತು ನೀವು. ಉದ್ದಕ್ಕೆ ಎರಡು ಬೆಂಚು, ಬೆಂಚಿನ ತುಂಬ ಹೊಟ್ಟೆಗಳು. ಎದುರಿಗೆ ಎರಡು ಮೇಜು, ಮೇಜಿಗೊಬ್ಬರು ಲ್ಯಾಬಿನವರು. ಹೆಸರು ಕೂಗುತ್ತಾರೆ, ಬಂದವಳು ತೋಳು ಚಾಚುತ್ತಾಳೆ, ರಬ್ಬರ್ ಪಟ್ಟಿ ಬಿಗಿಯುತ್ತಾರೆ. ಮುಖ ನೋಡಲು ಅವರಿಗೆ ಪುರುಸೊತ್ತೆಲ್ಲಿ? ಬಾಗಿಲಲ್ಲಿ ನಿಂತ ನರ್ಸಮ್ಮ ಮಾತ್ರ ಪ್ರತಿ ಬ್ಯಾಚಿಗೂ ಒಂದೇ ಪಾಠ ಒಪ್ಪಿಸುತ್ತಿದ್ದರು: "ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ, ಎಲ್ಲ ನೋಡ್ತೀವಿ. ತಾಯಿಗಿದ್ರೆ ಮಗೂಗೆ ಹೋಗುತ್ತೆ. ಮೊದಲೇ ಗೊತ್ತಾದ್ರೆ ಔಷಧಿ ಇದೆ. ಯಾರೂ ತಪ್ಪಿಸಬೇಡಿ." ಪಾಪ, ಅವರು ಸರಿಯಾಗಿಯೇ ಹೇಳುತ್ತಿದ್ದರು. ಕೇಳುವವರ ಕಿವಿ ಎಲ್ಲಿತ್ತು? ಇಂಥ ಕಾಯಿಲೆಗಳೆಲ್ಲ ಬೇರೆ ಯಾರಿಗೋ ಬರುವಂಥವು, ತಮ್ಮಂಥ ಮನೆಗಳಿಗೆ ದಾರಿ ಗೊತ್ತಿಲ್ಲದಂಥವು ಎಂದು ಬೆಂಚಿನ ಮೇಲಿದ್ದ ಎಲ್ಲರ ನಂಬಿಕೆ. ರಕ್ತ ತೆಗೆಯುವುದು ಮೈಯಲ್ಲಿ ಸಾಕಷ್ಟು ರಕ್ತ ಇದೆಯೋ ಇಲ್ಲವೋ ನೋಡಲಿಕ್ಕೆ ಎಂದೇ ಟೈಲರಕ್ಕನೂ ತಿಳಿದಿದ್ದಳು.

ಅವಳ ಹೆಸರು ಮೊದಲು ಬಂತು. ಬಲಗೈ ಚಾಚಿದಳು, ಕೊಟ್ಟಳು, ಹತ್ತಿ ಒತ್ತಿಕೊಂಡು ಬಂದು ಕೂತಳು. ಪಕ್ಕದಲ್ಲಿ ಗುಬ್ಬಿ ಬಿಳುಚಿಕೊಂಡಿದ್ದಳು. ಅಂಗೈಯೆಲ್ಲ ಬೆವರು.

"ಅಕ್ಕಾ, ನನ್ನ ಕೈಲಾಗಲ್ಲ. ಬಿದ್ಬಿಡ್ತೀನಿ. ಮಗೂಗೆ ಏಟಾಗುತ್ತೆ."

ಟೈಲರಕ್ಕ ಆಚೀಚೆ ನೋಡಿದಳು. ಇನ್ನೊಂದು ಮೇಜಿನವನು ಬೇರೆ ಮನುಷ್ಯ. ಗುಬ್ಬಿಯ ಸ್ವೆಟರ್ ಎಳೆದು ಹೆಗಲಿಗೆ ಹಾಕಿಕೊಂಡಳು. "ನೀ ಬಿಡು, ನಾ ಕೊಡ್ತೀನಿ."

"ಗೊತ್ತಾದ್ರೆ ಬೈತಾರೆ ಅಕ್ಕ."

"ಬೈದ್ರೆ ನನ್ನನ್ನ ತಾನೇ? ಸುಮ್ನಿರೇ. ನನ್ನ ಮೈಯಲ್ಲಿ ಬೇಕಾದಷ್ಟು ರಕ್ತ ಇದೆ, ಊರಿಗೆಲ್ಲ ಹಂಚಬಹುದು."

ಗುಬ್ಬಿಯ ಹೆಸರು ಕೂಗಿದಾಗ "ಹೂಂ" ಎಂದು ಎದ್ದು ಹೋದಳು. ಎಡಗೈ ಚಾಚಿದಳು.

ಫಲಿತಾಂಶ ಬಂದಾಗ ಇಬ್ಬರದೂ ಚೆನ್ನಾಗಿತ್ತು, ಯಾವ ರೋಗವೂ ಇಲ್ಲ. ರಕ್ತದ ಗುಂಪೂ ಒಂದೇ. ಬರದೆ ಎಲ್ಲಿ ಹೋಗುತ್ತದೆ! ಆಸ್ಪತ್ರೆಯ ಗೇಟು ದಾಟಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾವಿಬ್ರೂ ಒಂದೇ ರಕ್ತ ಕಣೇ, ಸರ್ಕಾರವೇ ಹೇಳಿದೆ" ಎಂದಳು ಟೈಲರಕ್ಕ. ಗುಬ್ಬಿ ಅವಳ ಎಡಗೈಯನ್ನು ಹಿಡಿದುಕೊಂಡು, ಚುಚ್ಚಿದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತ ಮನೆಯವರೆಗೂ ನಡೆದಳು. ಅಷ್ಟು ಪ್ರೀತಿಯಿಂದ ಆ ತೋಳನ್ನು ಅವಳ ಗಂಡನೂ ಯಾವತ್ತೂ ಹಿಡಿದಿರಲಿಲ್ಲ.

ಆಮೇಲಿನ ತಿಂಗಳುಗಳು ಆ ಮನೆಯ ಒಳ್ಳೆಯ ತಿಂಗಳುಗಳು. ಹಳದಿ ಬಟ್ಟೆಯ ಒಂದೇ ತುಂಡಿನಲ್ಲಿ ಟೈಲರಕ್ಕ ಎರಡು ಪುಟ್ಟ ಅಂಗಿ ಕತ್ತರಿಸಿದಳು. ಮಧ್ಯಾಹ್ನ ಮಷೀನಿನ ಸದ್ದಿನ ಜೊತೆಗೆ ಇಬ್ಬರ ಹರಟೆ. ಗುಬ್ಬಿಯ ಮಗು ಭಾರಿ ತುಂಟ. ಮಷೀನು ನಿಂತರೆ ಒದೆಯುತ್ತಿತ್ತು, ಓಡಿದರೆ ಸುಮ್ಮನಾಗುತ್ತಿತ್ತು. "ನನ್ನ ಮಷೀನಿಗೇ ಹುಟ್ತಿದೆ ನಿನ್ನ ಕೂಸು" ಎಂದು ಟೈಲರಕ್ಕ ಬೇಕೆಂದೇ ಪೆಡಲು ನಿಲ್ಲಿಸಿ ಅವಳ ಹೊಟ್ಟೆಯ ಮೇಲೆ ಕೈಯಿಡುತ್ತಿದ್ದಳು.

ಒಂದು ಮಧ್ಯಾಹ್ನ ಪೆಡಲು ನಿಲ್ಲಿಸಿ ಕೈಯಿಟ್ಟಳು. ಒದೆಯಲಿಲ್ಲ. "ಮಲಗಿರಬೇಕು" ಎಂದಳು. ಮತ್ತೆ ಓಡಿಸಿ ಮತ್ತೆ ನಿಲ್ಲಿಸಿದಳು. ಗುಬ್ಬಿ ಅವಳ ಮುಖವನ್ನೇ ನೋಡುತ್ತಿದ್ದಳು. "ಬೆಳಿಗ್ಗೆಯಿಂದಲೂ ಇಲ್ಲ ಅಕ್ಕ" ಎಂದಳು. ಟೈಲರಕ್ಕ ಹೊಲಿಯುತ್ತಿದ್ದ ಬಟ್ಟೆಯನ್ನು ಸೂಜಿಯಡಿಯಲ್ಲೇ ಬಿಟ್ಟು ಆಟೋ ಕರೆತರಲು ಓಡಿದಳು.

ಮಗು ಸತ್ತೇ ಹುಟ್ಟಿತು. ಹೆಣ್ಣು. ಎಂಟು ತಿಂಗಳು ಹೊತ್ತ ಹೆಣ್ಣು. ಟೈಲರಕ್ಕ ಹಳದಿ ಅಂಗಿ ತಂದು ತಾನೇ ತೊಡಿಸಿದಳು. ತೋಳು ಸ್ವಲ್ಪ ದೊಡ್ಡದಾಗಿತ್ತು, ಮಡಚಿದಳು. ಅತ್ತೆ ಗೋಡೆಗೆ ತಲೆ ಆನಿಸಿ ಅತ್ತರು. ಗುಬ್ಬಿ ಅಳಲಿಲ್ಲ. ಛಾವಣಿ ನೋಡುತ್ತ ಮಲಗಿದ್ದಳು.

ಹೀಗೆ ಸತ್ತು ಹುಟ್ಟಿದಾಗ ತಾಯಿಯ ರಕ್ತವನ್ನು ಮತ್ತೆ ಪರೀಕ್ಷೆ ಮಾಡುವುದು ಅಲ್ಲಿಯ ಪದ್ಧತಿ. ಎಚ್ಚರ ತಪ್ಪಿದಂತೆ ಬಿದ್ದಿದ್ದ ಗುಬ್ಬಿಯ ತೋಳಿನಿಂದ ಅವರು ರಕ್ತ ತೆಗೆದದ್ದು ಅವಳಿಗೆ ಗೊತ್ತೂ ಆಗಿರಲಿಲ್ಲ. ಮರುದಿನ ಡಾಕ್ಟರಮ್ಮ ಬಂದು ಮಂಚದ ಪಕ್ಕ ಕೂತು ತಗ್ಗಿದ ದನಿಯಲ್ಲಿ ಹೇಳಿದರು:

"ನೋಡಮ್ಮ, ನಿನಗೆ ಸಿಫಿಲಿಸ್ ಸೋಂಕಿದೆ. ಮಗು ಹೋಗಿದ್ದು ಅದರಿಂದಲೇ. ಮೊದಲನೇ ಟೆಸ್ಟಲ್ಲಿ ಇರಲಿಲ್ಲ, ಆಮೇಲೆ ಬಂದಿರಬೇಕು. ಗಂಡ ಹೆಂಡತಿ ಒಟ್ಟಿಗೆ ಇರೋದ್ರಿಂದ ಬರೋ ಕಾಯಿಲೆ. ನಿನ್ನ ಗಂಡನೂ ಬಂದು ಟೆಸ್ಟ್ ಮಾಡಿಸ್ಕೋಬೇಕು."

ಅವರು ತಗ್ಗಿಸಿಯೇ ಹೇಳಿದರು, ತಪ್ಪಿಲ್ಲ. ಪರದೆಯ ಆಚೆ ಅತ್ತೆ ಹಾಲಿನ ಫ್ಲಾಸ್ಕ್ ಹಿಡಿದು ನಿಂತಿದ್ದಾರೆಂದು ಅವರಿಗೇನು ಗೊತ್ತು? ಗುಬ್ಬಿ ಟೈಲರಕ್ಕನ ಕಡೆ ತಿರುಗಿ ನೋಡಿದಳು. ಮೊದಲನೇ ಟೆಸ್ಟ್ ಎನ್ನುವ ಮಾತು ಟೈಲರಕ್ಕನ ಕಿವಿಯಲ್ಲಿ ಉಳಿಯಿತು.

ಮನೆಗೆ ಬಂದ ಮೇಲೆ ಅತ್ತೆ ಫ್ಲಾಸ್ಕನ್ನು ನೆಲಕ್ಕೆ ಕುಕ್ಕಿ ಇಟ್ಟರು.

"ಮೊದಲು ಇರಲಿಲ್ವಂತೆ. ಆಮೇಲೆ ಬಂತಂತೆ. ಗಂಡ ಊರಲ್ಲೇ ಇಲ್ಲ. ಗಾಳೀಲಿ ಬಂತಾ?"

ಹಿರಿಯ ಮಗ, ಟೈಲರಕ್ಕನ ಗಂಡ, "ಅಮ್ಮ, ಸುಮ್ನಿರಮ್ಮ" ಎಂದ. ಸುಮ್ಮನಿರುವ ದನಿಯಾಗಿರಲಿಲ್ಲ ಅವರದು. ಮೊಮ್ಮಗಳನ್ನು ಕಳೆದುಕೊಂಡ ಸಂಕಟಕ್ಕೆ ಒಂದು ಮೈ ಬೇಕಿತ್ತು, ಸಿಕ್ಕಿತು. ಕಿರಿಯ ಮಗನಿಗೆ ಫೋನು ಹೋಯಿತು. ಅವನು ಏನು ಹೇಳಿದನೋ, "ನನಗೇನಾಗಿದೆ ಟೆಸ್ಟ್ ಮಾಡ್ಸೋಕೆ?" ಎನ್ನುವುದಂತೂ ಪಕ್ಕದ ಕೋಣೆಗೂ ಕೇಳಿಸಿತು. ಬೀದಿಗೆ ಸುದ್ದಿ ಹೇಗೆ ಹೋಯಿತೋ ದೇವರೇ ಬಲ್ಲ. ಅಂಗಿಯ ಗುಂಡಿ ಹಾಕಿಸುವ ನೆಪದಲ್ಲಿ ಬಂದವರು ಒಳಗಿಣುಕಿ ನೋಡಿ ಹೋದರು. ಅವರ ಅಂಗಿಗಳಿಗೆ ಆ ವಾರದಲ್ಲೇ ಅದೆಷ್ಟು ಗುಂಡಿಗಳು ಕಿತ್ತುಹೋದವೋ! "ಅವನು ಬರಲಿ, ಇವಳನ್ನ ಇವಳ ಅಪ್ಪನ ಮನೆಗೆ ಬಿಟ್ಟು ಬರಲಿ" ಎಂದು ಅತ್ತೆ ತೀರ್ಮಾನ ಹೇಳಿದರು.

ಟೈಲರಕ್ಕ ಗುಬ್ಬಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಹೇಳ್ಬಿಡ್ತೀನಿ ಕಣೇ. ಆ ರಕ್ತ ನಂದು ಅಂತ."

ಗುಬ್ಬಿ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. "ಬೇಡ ಅಕ್ಕ. ನಿನ್ನಿಂದ ಮಗು ಹೋಯ್ತು ಅಂತಾರೆ. ನಿನ್ನ ಹೊಟ್ಟೇಲಿ ಇನ್ನೊಂದಿದೆ. ಬೈಗುಳ ಎಲ್ಲ ಅದಕ್ಕೆ ತಗಲುತ್ತೆ."

"ಹೇಳದಿದ್ರೆ ನಿನ್ನ ಗತಿ?"

"ಹೆದರಿದ್ದು ನಾನು ತಾನೇ? ನೀನು ನನಗೋಸ್ಕರ ಮಾಡಿದ್ದು." ಆಗ ಅತ್ತಳು ಗುಬ್ಬಿ, ಆಸ್ಪತ್ರೆಯಲ್ಲಿ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳು. ಟೈಲರಕ್ಕ ಅವಳನ್ನು ತಬ್ಬಿಕೊಂಡಳು. ನಡುವೆ ತನ್ನ ಹೊಟ್ಟೆ ಅಡ್ಡ ಬಂತು. ಒಳಗಿನ ಮಗು ಒದೆಯಿತು, ಗುಬ್ಬಿಗೂ ತಗಲುವಂತೆ. ಆ ಕ್ಷಣದಲ್ಲಿ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಟೈಲರಕ್ಕನಿಗೆ.

ಮೈದುನ ಬಂದ ಬೆಳಿಗ್ಗೆ ಎಲ್ಲರೂ ಹೊರಕೋಣೆಯಲ್ಲಿದ್ದರು. ಅವನು ಚೀಲವನ್ನೂ ಇಳಿಸದೆ ಹೊಸ್ತಿಲಲ್ಲೇ ಕೂತಿದ್ದ. ಗುಬ್ಬಿಯ ಬಟ್ಟೆಗಳ ಗಂಟು ಬಾಗಿಲ ಪಕ್ಕದಲ್ಲಿತ್ತು. ಟೈಲರಕ್ಕ ಮಷೀನು ನಿಲ್ಲಿಸಿ ಎದ್ದಳು.

"ಅತ್ತೆ, ಮೊದಲನೇ ಟೆಸ್ಟಿಗೆ ಗುಬ್ಬಿ ರಕ್ತ ಕೊಟ್ಟಿಲ್ಲ. ಇವಳ ಹೆಸರಲ್ಲಿ ನಾನು ಕೊಟ್ಟೆ. ಬಲಗೈದು ನನ್ನ ಹೆಸರಿಗೆ, ಎಡಗೈದು ಇವಳ ಹೆಸರಿಗೆ. ಇವಳಿಗೆ ಕಾಯಿಲೆ ಆಗಲೇ ಇತ್ತು. ನನ್ನ ರಕ್ತ ಅದನ್ನ ಮುಚ್ಚಿಹಾಕ್ತು."

ಅತ್ತೆ ತಲೆ ಅಲ್ಲಾಡಿಸಿದರು. ಕೋಪವೂ ಇರಲಿಲ್ಲ ಅವರಿಗೆ.

"ಲೋಟ ಒಡೆದ ಹಾಗಲ್ಲಮ್ಮ ಇದು. ಇದನ್ನೂ ನಿನ್ನ ಮೈಮೇಲೆ ಹಾಕ್ಕೋಬೇಡ."

"ಸತ್ಯವಾಗ್ಲೂ ಅತ್ತೆ!"

"ನಿನ್ನ ಸತ್ಯ ನನಗೆ ಗೊತ್ತಿಲ್ವಾ? ಇಷ್ಟು ವರ್ಷದಿಂದ ನೋಡ್ತಿದ್ದೀನಿ."

ಗಂಡನ ಕಡೆ ನೋಡಿದಳು. ಅವನೂ ನೆಲ ನೋಡಿದ. ಮೈದುನ, "ಅತ್ತಿಗೆ, ನೀವು ಒಳ್ಳೆಯವರು, ನಮ್ಮ ಸಂಸಾರ ಉಳಿಸೋಕೆ ಹೇಳ್ತೀರ" ಎಂದ. ಟೈಲರಕ್ಕ ಅಳುತ್ತಲೇ ಕೂಗಿದಳು, ಎದೆ ಬಡಿದುಕೊಂಡಳು, ದೇವರ ಮೇಲೆ ಆಣೆ ಇಟ್ಟಳು. ಜೀವಮಾನವಿಡೀ ಹೇಳಿದ ಸುಳ್ಳುಗಳನ್ನೆಲ್ಲ ನಂಬಿದಂತೆ ನಟಿಸಿದವರು, ಹೇಳಿದ ಒಂದು ನಿಜವನ್ನು ನಂಬಲಿಲ್ಲ. ಎಂಥ ಗ್ರಹಚಾರ ನೋಡಿ.

ಮೂಲೆಯಲ್ಲಿದ್ದ ಗುಬ್ಬಿ ಆಗ ಎದ್ದು ನಿಂತಳು. ತನಗೋಸ್ಕರ ಅಲ್ಲ. ತುಂಬು ಬಸುರಿ ಎದೆ ಬಡಿದುಕೊಳ್ಳುವುದನ್ನು ಅವಳಿಂದ ನೋಡಲಾಗಲಿಲ್ಲ. "ಆವಾಗ ನಮ್ಮಿಬ್ಬರದೂ ಒಂದೇ ರಕ್ತದ ಗುಂಪು ಅಂತ ಬಂದಿತ್ತು. ಎರಡೂ ಅಕ್ಕಂದೇ ಅಲ್ವಾ? ಈಗ ನಂದು ನೋಡ್ಲಿ" ಎಂದಳು.

ಅದೇ ಬೆಂಚು, ಅದೇ ಎರಡು ಮೇಜು. ಡಾಕ್ಟರಮ್ಮ ತಾವೇ ಪಕ್ಕದಲ್ಲಿ ನಿಂತು ಇಬ್ಬರ ರಕ್ತವನ್ನೂ ತೆಗೆಸಿದರು. ಗುಬ್ಬಿ ತೋಳು ಚಾಚಿ ಮುಖ ಗೋಡೆಗೆ ತಿರುಗಿಸಿದಳು. ಟೈಲರಕ್ಕನ ಕೈಯನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ತುಟಿಯವರೆಗೆ ಬಂದ "ನೀ ಬಿಡು" ಎನ್ನುವ ಮಾತನ್ನು ಟೈಲರಕ್ಕ ನುಂಗಿಕೊಂಡಳು.

ಗುಂಪು ಬೇರೆ ಬೇರೆ ಬಂತು.

ಅತ್ತೆ ಬೆಂಚಿನ ಮೇಲೆ ಕುಸಿದು ಕೂತರು. ಗುಬ್ಬಿಯ ಹೆಸರು ಉಳಿಯಿತು. ಉಳಿಯಬೇಕಾದದ್ದು ಉಳಿಯಿತಲ್ಲ ಎಂದು ಟೈಲರಕ್ಕ ಉಸಿರು ಬಿಡುವಷ್ಟರಲ್ಲಿ, ಗುಬ್ಬಿಯೇ ಡಾಕ್ಟರಮ್ಮನನ್ನು ಕೇಳಿದಳು.

"ಮೇಡಂ, ಆವತ್ತೇ ನಾನು ಕೊಟ್ಟಿದ್ರೆ?"

ಡಾಕ್ಟರಮ್ಮ ತಡೆದು ತಡೆದು ಹೇಳಿದರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಪೆನಿಸಿಲಿನ್ ಇಂಜೆಕ್ಷನ್ ಕೊಡ್ತಿದ್ವಿ. ಅಷ್ಟು ಬೇಗ ಕೊಟ್ರೆ ಸಾಮಾನ್ಯವಾಗಿ ಮಗು ಉಳಿಯುತ್ತೆ ಅಮ್ಮ."

ಟೈಲರಕ್ಕನ ಕೈಯೊಳಗಿದ್ದ ಗುಬ್ಬಿಯ ಕೈ ಸಡಿಲವಾಯಿತು. ಕಿತ್ತುಕೊಳ್ಳಲಿಲ್ಲ ಅವಳು, ಕೋಪದಿಂದ ಕೊಡವಲೂ ಇಲ್ಲ. ಹಿಡಿದುಕೊಂಡದ್ದನ್ನು ಬಿಟ್ಟಳು, ಅಷ್ಟೇ.

ಮೈದುನನ ರಕ್ತದಲ್ಲೂ ಅದೇ ಬಂತು. ಮದುವೆಗೆ ಮುಂಚೆ, ಯಾವುದೋ ಊರಿನಲ್ಲಿ, ಒಂದು ಹುಣ್ಣಾಗಿತ್ತಂತೆ. ನೋವಿರಲಿಲ್ಲವಂತೆ, ತಾನಾಗಿಯೇ ಮಾಯಿತಂತೆ. ಮಾಯಿತೆಂದುಕೊಂಡು ಮರೆತನಂತೆ. ಅತ್ತೆ ಅವನ ಕೆನ್ನೆಗೆ ಬಾರಿಸಿದರು, ಆಮೇಲೆ ಗುಬ್ಬಿಯ ಕಾಲ ಬಳಿ ಕೂತು ಅತ್ತರು. ಅವನಿಗೂ ಅವಳಿಗೂ ವಾರಕ್ಕೊಂದರಂತೆ ಇಂಜೆಕ್ಷನ್. ಸೊಂಟದ ಕೆಳಗೆ ಕೊಡುವ, ಗಂಡಸರೂ ಹಲ್ಲು ಕಚ್ಚುವಂಥ ಇಂಜೆಕ್ಷನ್ ಅದು. ಮೈದುನ ಕೂಗಿದ್ದು ಹೊರಗೆ ಕೇಳಿಸಿತು. ಗುಬ್ಬಿ ಒಳಗೆ ಹೋದಾಗ ಟೈಲರಕ್ಕ ಕಿವಿ ನಿಮಿರಿಸಿ ಕೂತಳು. ಏನೂ ಕೇಳಿಸಲಿಲ್ಲ.

ಟೈಲರಕ್ಕನಿಗೆ ಗಂಡುಮಗುವಾಯಿತು. ಗುಂಡಗೆ, ಆರೋಗ್ಯವಾಗಿ. ಉಳಿದಿದ್ದ ಹಳದಿ ಅಂಗಿಯನ್ನು ಅವಳು ಪೆಟ್ಟಿಗೆಯ ತಳದಲ್ಲಿ ಮುಚ್ಚಿಟ್ಟಿದ್ದಳು. ಹುಡುಕಿ ತೆಗೆದವಳು ಗುಬ್ಬಿ. "ಹೊಲಿದಿದ್ದೀಯಲ್ಲ ಅಕ್ಕ, ಇವನಾದ್ರೂ ಹಾಕ್ಕೊಳ್ಳಲಿ" ಎಂದು ತಾನೇ ತೊಡಿಸಿದಳು. ಗುಬ್ಬಿ ಮಗುವನ್ನು ಎತ್ತಿಕೊಂಡಳು, ಮೀಯಿಸಿದಳು, ಮುದ್ದಿಸಿದಳು. ಬೀದಿಯವರು ಕಾದರು, ಇವತ್ತು ಜಗಳ ಆಗುತ್ತದೆ, ನಾಳೆ ಆಗುತ್ತದೆ ಎಂದು. ಆಗಲೇ ಇಲ್ಲ. ಒಂದು ಕೆಟ್ಟ ಮಾತು ಗುಬ್ಬಿಯ ಬಾಯಿಂದ ಬರಲಿಲ್ಲ. ಬಂದಿದ್ದರೆ ಟೈಲರಕ್ಕ ಬದುಕಿಕೊಳ್ಳುತ್ತಿದ್ದಳು.

ಆದರೆ ಅವಳಿಂದ ಒಂದು ಲೋಟ ನೀರನ್ನೂ ಗುಬ್ಬಿ ತೆಗೆದುಕೊಳ್ಳುತ್ತಿರಲಿಲ್ಲ. ಬಕೆಟ್ಟಿಗೆ ಕೈ ಹಾಕಿದರೆ, "ಇರಲಿ ಅಕ್ಕ, ನಾನೇ ಎತ್ಕೋತೀನಿ." ಹರಿದ ಬಟ್ಟೆ ಕೇಳಿದರೆ, "ನಾನೇ ಹಾಕ್ಕೊಂಡೆ ಹೊಲಿಗೆ." ದನಿಯಲ್ಲಿ ಸಿಟ್ಟಿಲ್ಲ, ಅದೇ ಅಕ್ಕ, ಅದೇ ಗೌರವ. ಟೈಲರಕ್ಕ ಎಷ್ಟೋ ಸಲ ಒಳಗೆ ಹೋಗಿ, ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತಳು. ಹೊರಗೆ ಬೇರೆಯವರ ಕೊಡ ಎತ್ತಲು ಹೋಗುವ ಚಾಳಿಯೂ ಮೆಲ್ಲಗೆ ಬಿಟ್ಟುಹೋಯಿತು. ಟೈಲರಕ್ಕ ಬದಲಾದಳು ಎಂದರು ಬೀದಿಯವರು.

ಮಗ ಗೋಡೆ ಹಿಡಿದು ನಿಲ್ಲುವ ಕಾಲಕ್ಕೆ, ಒಂದು ಬೆಳಿಗ್ಗೆ ಗುಬ್ಬಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಹಗ್ಗಕ್ಕೆ ಕೈ ಚಾಚಿದಾಗ ರವಿಕೆಯ ತೋಳು ಮೇಲೆ ಸರಿಯಿತು. ಮೊಣಕೈಯ ಒಳಬದಿಯಲ್ಲಿ ಹತ್ತಿ, ಅದರ ಮೇಲೊಂದು ಪ್ಲಾಸ್ಟರ್ ಪಟ್ಟಿ. ಟೈಲರಕ್ಕನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಅವಳ ಕಣ್ಣು ತುಂಬಿತು.

"ಗುಬ್ಬಿ! ಮತ್ತೆ ಬಸುರಿಯೇನೇ? ನಿಜವೇನೇ?"

ಗುಬ್ಬಿ ಹೌದೆಂದು ತಲೆಯಾಡಿಸಿದಳು.

"ಆಸ್ಪತ್ರೆಗೆ ಯಾವಾಗ ಹೋಗಿದ್ದೆ?"

"ಈಗ ಬೆಳಿಗ್ಗೆ."

"ಒಬ್ಳೇನಾ? ತಲೆ ಸುತ್ತಲಿಲ್ವಾ?"

"ಸುತ್ತಿತು. ಕೂತ್ಕೊಂಡೆ. ಆಮೇಲೆ ಎದ್ದು ಬಂದೆ."

"ನನ್ನ ಕರೀಬಾರದಿತ್ತೇನೇ?"

ಗುಬ್ಬಿ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದಳು, ಕೊಡವಿದಳು, ಹಗ್ಗದ ಮೇಲೆ ಹರವಿದಳು. ಆಮೇಲೆ ಟೈಲರಕ್ಕನ ಮುಖ ನೋಡಿ ಮೆತ್ತಗೆ ಹೇಳಿದಳು.

"ಕರೆದಿದ್ರೆ ನೀನು ಬಂದ್ಬಿಡ್ತಿದ್ದೆ ಅಕ್ಕ."

ಬಕೆಟ್ಟಿನಲ್ಲಿ ಇನ್ನೂ ಬಟ್ಟೆ ಉಳಿದಿತ್ತು. ಎತ್ತಿಕೊಡಲು ಬಗ್ಗಿದ ಟೈಲರಕ್ಕ ಹಾಗೇ ಕೈ ಹಿಂದಕ್ಕೆ ತೆಗೆದುಕೊಂಡಳು.